ಅಕ್ಕನ ಹೊಲದ ಕತ್ತಲೆ

ಜನ ಕಮಲಾಪುರಕ್ಕೆ ಕೆಂಪು ಬಾಳೆಹಣ್ಣಿಗೆಂದು ಹೋಗುತ್ತಾರೆ. ನಾನು ಹೋಗುವುದು ಕತ್ತಲೆಗೆ. ಕಲಬುರಗಿಯ ಜೇವರ್ಗಿ ಕಾಲೋನಿಯ ನಮ್ಮ ಮಾಳಿಗೆಯಿಂದ ಬೀದಿದೀಪಗಳೇ ಚೆನ್ನಾಗಿ ಕಾಣುತ್ತವೆ. ನನಗೆ ಬೇಕಾಗಿದ್ದುದು ಕೃತ್ತಿಕೆಯ ಹತ್ತಿರದ ಒಂದು ನೀಹಾರಿಕೆ. ಬರಿಗಣ್ಣಿಗೆ ಸಿಗದಷ್ಟು ಮಸುಕು. ದೊಡ್ಡ ದೂರದರ್ಶಕಕ್ಕೆ ಕ್ಯಾಮೆರಾ ಕಟ್ಟಿ, ಐದೈದು ನಿಮಿಷದ ಹತ್ತಾರು ಫೋಟೊ ತೆಗೆದು ಒಂದರ ಮೇಲೊಂದು ಕೂಡಿಸಿದರೆ ಮಾತ್ರ ಮೂಡುತ್ತದೆ. ಹಿಂದಿನ ಎರಡು ಅಮಾವಾಸ್ಯೆಗಳನ್ನು ಮೋಡ ನುಂಗಿತ್ತು. ಇದೂ ಹೋದರೆ ಆ ವರ್ಷ ಅದರ ಆಸೆ ಬಿಡಬೇಕಿತ್ತು.

ಅವತ್ತು ಎಳ್ಳಮಾವಾಸ್ಯೆ, ಹೊಲದಲ್ಲಿ ಪೂಜೆ ಮಾಡಿ ಅಲ್ಲೇ ಉಣ್ಣುವ ಹಬ್ಬ. ನನ್ನ ಗೆಳೆಯನ ಅಕ್ಕ ಕಮಲಾಪುರದ ಹತ್ತಿರದ ತಮ್ಮ ಹೊಲಕ್ಕೆ ಊಟಕ್ಕೆ ಕರೆದಿದ್ದರು. ಸಜ್ಜೆ ರೊಟ್ಟಿ, ಸೊಪ್ಪು-ಕಾಳು ಕೂಡಿಸಿ ಬೇಯಿಸಿದ ಭಜ್ಜಿ ಹೊಟ್ಟೆ ಬಿರಿಯುವಂತೆ ತಿಂದು, ಕತ್ತಲಾಗುತ್ತಲೇ ಹೊಲದ ಮನೆಯ ಅಂಗಳದಲ್ಲಿ ಆಳೆತ್ತರದ ಕೊಳವೆ ನಿಲ್ಲಿಸಿದೆ. ಮೊದಲ ಫೋಟೊ ಶುರುವಾಗಿತ್ತಷ್ಟೆ, ಅಂಗಳದ ದೀಪ ಹತ್ತಿತು.

"ಅಯ್ಯ, ಸರ್ ಕತ್ತಲದಾಗ ಕುಂತಾರ!" ಎಂದರು ಅಕ್ಕ.

ಕೈಮುಗಿದು ಆರಿಸಿದೆ. ಹತ್ತು ನಿಮಿಷಕ್ಕೆ ಟಾರ್ಚ್ ಹಿಡಿದು ಚಹಾ ತಂದರು. ಬೆಳಕು ನೇರ ಕೊಳವೆಯ ಬಾಯಿಗೆ. ಆಮೇಲೆ ಶೇಂಗಾ. ಆಮೇಲೆ ಮತ್ತೆ ದೀಪ. ನನ್ನ ಸಿಟ್ಟು ಸದಾ ಮೂಗಿನ ತುದಿಯಲ್ಲಿ. ಉಂಡ ಮನೆಯೆಂದು ನುಂಗಿಕೊಂಡಿದ್ದೆ. ಐದನೆಯ ಫೋಟೊ ಹಾಳಾದಾಗ ತಡೆಯಲಾಗಲಿಲ್ಲ.

"ಅಕ್ಕಾರ, ನಿಮ್ಮ ಕಾಲಿಗಿ ಬೀಳ್ತೀನಿ, ಲೈಟ್ ಹಚ್ಚಬ್ಯಾಡ್ರಿ!"

"ಅಮಾಸಿ ದಿನ ಮನಿಗಿ ಬಂದವರನ್ನ ಕತ್ತಲದಾಗ ಕೂಡಿಸಿದ್ರ ಮಂದಿ ಏನಂತಾರ್ರೀ?"

"ಬಂದವರಂತ ಯಾಕ ತಿಳೀತೀರಿ? ಮನಿ ಮಂದಿ ಅಂತ ತಿಳೀರಿ."

ಆಕೆ ಒಳಗೆ ಹೋಗಿ ಮನೆಯ ದೀಪಗಳನ್ನೆಲ್ಲ ಆರಿಸಿದರು. ಗೆದ್ದೆ ಎಂದುಕೊಂಡೆ.

"ಏ ತಮ್ಮಾ," ಕತ್ತಲೊಳಗಿಂದ ಅಕ್ಕನ ಧ್ವನಿ ನನ್ನನ್ನೇ ಕರೆಯಿತು, "ಸುಮ್ನ ಯಾಕ ಕುಂತಿ? ಆ ಕೊಡ ತುಂಬಿಸಿಕೊಂಡು ಬಾ. ಎಮ್ಮಿಗೂ ಮೇವು ಹಾಕು."

ಚಹಾ ಅಲ್ಲಿಗೆ ನಿಂತಿತು. ಕ್ಯಾಮೆರಾ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ನಾನು ಎಡವುತ್ತ ನೀರು ತಂದೆ, ಎಮ್ಮೆಯಿಂದ ಒಂದು ಒದೆಯನ್ನೂ ತಿಂದೆ.

ಬೆಳಿಗ್ಗೆ ಲ್ಯಾಪ್‌ಟಾಪಿನಲ್ಲಿ ಎಲ್ಲ ಫೋಟೊ ಕೂಡಿಸಿದಾಗ ಕೆಂಪನೆಯ ಹೊಗೆಯೊಂದು ಮೆಲ್ಲಗೆ ಮೂಡಿತು. ಸಂತೋಷಕ್ಕೆ ಕಣ್ಣು ತುಂಬಿತು. ಅಕ್ಕ ಬಗ್ಗಿ ನೋಡಿ, "ಇಷ್ಟಕ್ಕ ರಾತ್ರಿಯೆಲ್ಲಾ ಎದ್ದಿದ್ಯೇನೋ?" ಎಂದಳು.

ಈಗ ನನ್ನ ಕಾರು ಹೊಲದ ದಾರಿಗೆ ತಿರುಗಿತೆಂದರೆ ಆ ಮನೆಯ ದೀಪಗಳು ಒಂದೊಂದಾಗಿ ಆರುತ್ತವೆ. ಅಂಗಳದಲ್ಲಿ ಎರಡು ಕೊಡ ಕಾದಿರುತ್ತವೆ.