ಫೈಲುಗಳ ಪಟ್ಟಿ ಮಾಡಿದ ದಿನ

ಪರೇಲಿನ ಆಸ್ಪತ್ರೆಯಿಂದ ಬಂದು ತಿಂಗಳಾಗುವ ಮೊದಲೇ ನಾನು ಮತ್ತೆ ಕೆಲಸಕ್ಕೆ ಹೋದೆ. ಏಳನೇ ತಿಂಗಳಿಗೇ ಹುಟ್ಟಿದ ಹೆಣ್ಣು ಮಗು ಉಸಿರಾಡಲಿಲ್ಲ. ಆದರೂ ಎದೆಯಲ್ಲಿ ಹಾಲು ಬಂತು. ಅದು ನಿಲ್ಲಲೆಂದು ನರ್ಸ್ ಬಟ್ಟೆ ಬಿಗಿದು ಕಟ್ಟಿದಳು. ಮೈಸೂರಿನಿಂದ ಬಂದಿದ್ದ ಅಮ್ಮ ಸಾರಿನಪುಡಿ ಮಾಡಿಟ್ಟು ಊರಿಗೆ ಹೋದಳು. ಗಂಡ ಬ್ಯಾಂಕಿಗೆ ಹೋಗತೊಡಗಿದರು. ಭಾಂಡುಪಿನ ಮನೆಯಲ್ಲಿ ಒಬ್ಬಳೇ ಕೂರುವುದಕ್ಕಿಂತ ಆಫೀಸೇ ವಾಸಿ ಅನ್ನಿಸಿತು ಎಂದು ಈಗ ಬರೆಯಬಹುದು. ಆಗ ಏನೂ ಅನ್ನಿಸುತ್ತಿರಲಿಲ್ಲ.

ಅದರ ಹಿಂದಿನ ತಿಂಗಳವರೆಗೆ ಲೋಕಲ್ ರೈಲಿನ ಲೇಡೀಸ್ ಡಬ್ಬದಲ್ಲಿ ನನ್ನ ಹೊಟ್ಟೆ ನೋಡಿ ಯಾರಾದರೂ ಎದ್ದು ಜಾಗ ಕೊಡುತ್ತಿದ್ದರು. ಅಂದು ದಾದರಿನವರೆಗೂ ನಿಂತೇ ಹೋದೆ.

ಬಾಂದ್ರಾದಲ್ಲಿ ನಮ್ಮದು ಚರ್ಮದ ಚೀಲಗಳನ್ನು ಹೊರದೇಶಕ್ಕೆ ಕಳಿಸುವ ಸಣ್ಣ ಆಫೀಸು. ಪತ್ರಗಳನ್ನೆಲ್ಲ ಕಂಪ್ಯೂಟರಿನಲ್ಲಿ ಹೊಡೆಯುವವಳು ನಾನು. ಸಾಹೇಬರು ನನ್ನ ಮುಖ ನೋಡದೆ ಕೆಲಸ ಹೇಳಿದರು. "ಡೈರೆಕ್ಟರಿ ಮೇ ಜಿತನೇ ಲೆಟರ್ ಹೈ, ಸಬ್ ಕಾ ಲಿಸ್ಟ್ ಚಾಹಿಯೇ. ನಾಮ್ ಔರ್ ಸಬ್ಜೆಕ್ಟ್." ಕಂಪ್ಯೂಟರಿನಲ್ಲಿರುವ ಎಲ್ಲ ಪತ್ರಗಳ ಪಟ್ಟಿ ಬೇಕಂತೆ, ಫೈಲಿನ ಹೆಸರು ಮತ್ತು ವಿಷಯದ ಸಮೇತ.

ಫೈಲುಗಳ ಹೆಸರುಗಳು ಪರದೆಯ ಮೇಲೆ ಸಾಲಾಗಿ ಕಾಣುತ್ತಿದ್ದವು. ಆದರೆ ಪತ್ರದ ವಿಷಯ ಬೇಕೆಂದರೆ ಒಂದೊಂದನ್ನೂ ತೆರೆದು ನೋಡಬೇಕು. ಅದಕ್ಕೆ ಮ್ಯಾಕ್ರೋ ಮಾಡಿದೆ. ನಾವು ಒಮ್ಮೆ ಒತ್ತಿದ ಕೀಲಿಗಳನ್ನು ಯಂತ್ರ ನೆನಪಿಟ್ಟುಕೊಂಡು, ಆಮೇಲೆ ತಾನೇ ಒತ್ತಿಕೊಳ್ಳುತ್ತದೆ. ಫೈಲು ತೆರೆ, ವಿಷಯದ ಸಾಲು ತೆಗೆದುಕೋ, ಮುಚ್ಚು, ಹೆಸರಿನ ಜೊತೆ ಪಟ್ಟಿಗೆ ಹಾಕು, ಕೆಳಗಿನದಕ್ಕೆ ಹೋಗು, ಮತ್ತೆ ಮೊದಲಿನಿಂದ. ಶುರು ಮಾಡಿ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಪತ್ರಗಳು ತೆರೆದುಕೊಂಡವು, ಮುಚ್ಚಿಕೊಂಡವು. ಎಲ್ಲವೂ ನಾನೇ ಹೊಡೆದವು. ಒಂದೂ ನನ್ನದು ಅನ್ನಿಸಲಿಲ್ಲ.

ಎಲ್ಲಿ ನಿಲ್ಲಬೇಕೆಂದು ಅದಕ್ಕೆ ಹೇಳಿರಲಿಲ್ಲ. ಕಟ್ಟಕಡೆಯ ಫೈಲು, ಚೀಲದ ಜಿಪ್ಪುಗಳು ಬರುವುದು ತಡವಾಗಿದೆ ಎಂಬ ಪತ್ರ. ಅದರ ಕೆಳಗೆ ಹೋಗಲು ಬೇರೆ ಫೈಲು ಇಲ್ಲದೆ ಯಂತ್ರ ಅದನ್ನೇ ಮತ್ತೆ ತೆರೆಯಿತು, ಮತ್ತೆ ಪಟ್ಟಿಗೆ ಹಾಕಿತು. ನನಗೆ ಕಾಣುತ್ತಿತ್ತು. ಒಂದು ಕೀಲಿ ಒತ್ತಿದರೆ ನಿಲ್ಲುತ್ತದೆ ಎಂಬುದೂ ಗೊತ್ತಿತ್ತು. ಕೈ ಏಳಲಿಲ್ಲ.

ಅಕೌಂಟ್ಸಿನಲ್ಲಿ ಹುಬ್ಬಳ್ಳಿ ಕಡೆಯ ಹೆಂಗಸೊಬ್ಬರಿದ್ದರು. ನನಗಿಂತ ಹಿರಿಯರು, ನಾನು ಅಕ್ಕ ಎನ್ನುತ್ತಿದ್ದೆ. ಊಟಕ್ಕೆ ಕರೆಯಲು ಬಂದವರು ಪರದೆ ನೋಡಿ ನಿಂತರು.

"ಏನವಾ ಇದು? ಒಂದ ಸಾಲು ಎಷ್ಟ್ ಸಲ ಬರಾಕತ್ತೇತಿ?"

"ಬರ್ತಾ ಇದೆ ಅಕ್ಕ."

"ನಿಲ್ಸಬಾರದೇನು?"

ಅವರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. "ಕೂಸು ಆರಾಮ ಐತಿ? ಯಾರ್ ಹತ್ರ ಬಿಟ್ಟ್ ಬಂದಿ?"

ಅವರಿಗೆ ಗೊತ್ತಿರಲಿಲ್ಲ. ಸಾಹೇಬರಿಗೆ ನನ್ನ ಗಂಡ ಫೋನಿನಲ್ಲಿ ಹೇಳಿದ್ದರು, ಸಾಹೇಬರು ಬೇರೆ ಯಾರಿಗೂ ಹೇಳಿರಲಿಲ್ಲ.

"ಇಲ್ಲ ಅಕ್ಕ. ಹುಟ್ಟಿದಾಗಲೇ ಜೀವ ಇರಲಿಲ್ಲ," ಎಂದೆ. ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನನ್ನ ದನಿ ಫೋನಿನಲ್ಲಿ ಆರ್ಡರ್ ನಂಬರು ಓದುವಂತಿತ್ತು.

ಅವರು ಯಾವ ಕೀಲಿ ಎಂದು ಕೇಳಿ, ನಾನು ತೋರಿಸಿದ್ದನ್ನು ಒತ್ತಿದರು. ನನ್ನ ಬೆನ್ನಿನ ಮೇಲೆ ಕೈಯಿಟ್ಟು ತುಂಬಾ ಹೊತ್ತು ಹಾಗೇ ಕೂತರು. ಊಟದ ಹೊತ್ತು ಮುಗಿಯಿತು. ಅಳು ಬರುತ್ತದೆಂದು ಕಾದೆ, ಬರಲಿಲ್ಲ. ಅಕ್ಕ ಡಬ್ಬಿ ಬಿಚ್ಚಿ ತಮ್ಮ ಜೋಳದ ರೊಟ್ಟಿಯಲ್ಲಿ ಅರ್ಧ ನನಗೆ ಕೊಟ್ಟರು. ತಿಂದೆ.

ಹೆಚ್ಚಾದ ಸಾಲುಗಳನ್ನು ಅಳಿಸಿ, ಸಂಜೆಯೊಳಗೆ ಪಟ್ಟಿ ಕೊಟ್ಟೆ. ಸಾಹೇಬರು "ಠೀಕ್ ಹೈ" ಎಂದರು.

ಮನೆಯಲ್ಲಿ ತಟ್ಟೆ ಇಡುತ್ತಾ ಗಂಡನಿಗೆ, "ಇವತ್ತು ಆಫೀಸಿನಲ್ಲಿ ಒಬ್ಬರಿಗೆ ಹೇಳಿದೆ," ಎಂದೆ.

ಅವರು ಅನ್ನ ಕಲಸುವುದನ್ನು ನಿಲ್ಲಿಸಿದರು. "ನಾನು ಬ್ಯಾಂಕಲ್ಲಿ ಯಾರಿಗೂ ಹೇಳಿಲ್ಲ ಕಣೇ. ಮಗು ಹುಟ್ಟಿದ್ದಕ್ಕೆ ಎಲ್ಲರೂ ಪೇಡೆ ಕೇಳ್ತಾರೆ. ನಾಳೆ ತರ್ತೀನಿ, ನಾಳೆ ತರ್ತೀನಿ ಅಂತಾನೇ ಇದ್ದೀನಿ."

ನಾನು ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ.