ತಂತಿ ಕಡಿದ ಜಾಗ

ಅರವತ್ತರ ದಶಕದ ಕೊನೆಯ ವರ್ಷಗಳಲ್ಲಿ, ಸಾಗರದ ಮದುವೆ ಬ್ಯಾಂಡೊಂದರ ಕ್ಲಾರಿನೆಟ್ ವಾದಕರು ನಮ್ಮ ಪಕ್ಕದ ಮನೆಯಲ್ಲಿದ್ದರು. ವಿದ್ಯುತ್ ಯೋಜನೆಯ ಎಂಜಿನಿಯರೊಬ್ಬರ ಮನೆಯಲ್ಲಿ ಅವರು ಒಂದು ರೆಕಾರ್ಡ್ ಕೇಳಿದರು. ವಿದೇಶದ ರಾಕ್ ತಂಡ ಸಭೆಯ ಮುಂದೆ ನುಡಿಸಿದ್ದನ್ನು ಅದರಲ್ಲಿ ಇದ್ದಂತೆಯೇ ಮುದ್ರಿಸಿದ್ದರು. ಒಂದೆಡೆ ಗಿಟಾರಿನ ತಂತಿ ಕಡಿದು ವಾದನ ನಿಲ್ಲುತ್ತದೆ, ಡ್ರಮ್ ಒಂದೇ ಸಾಗುತ್ತದೆ, ಜನ ಕೂಗುತ್ತಾರೆ, ಬಳಿಕ ಗಿಟಾರ್ ಮರಳುತ್ತದೆ. ಕೇಳಿಯೇ ಕಲಿಯುತ್ತಿದ್ದ ನಮ್ಮ ವಾದಕರು ಅದನ್ನೂ ಹಾಡಿನ ಭಾಗವೆಂದು ಕಲಿತರು. ದಿಬ್ಬಣದ ನಡುವೆ ಕ್ಲಾರಿನೆಟ್ ತಟ್ಟನೆ ನಿಲ್ಲುತ್ತಿತ್ತು, ಬ್ಯಾಂಡಿನವರೇ ಕೂಗುತ್ತಿದ್ದರು. ರೆಕಾರ್ಡನ್ನೇ ಕೇಳದ ಹೊಸನಗರ, ತೀರ್ಥಹಳ್ಳಿಯ ಬ್ಯಾಂಡುಗಳೂ ಕ್ರಮೇಣ ಹಾಗೆ ನಿಲ್ಲಿಸತೊಡಗಿದವು.

ಆಗ ನಾನು ಈ ಸೀಮೆಯ ವಾದ್ಯಗಾರರ ಬಗ್ಗೆ ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೆ. ಅದು ತಿಳಿದು ಪಕ್ಕದ ಮನೆಯ ವಾದಕರು ಬಂದು ಕುಳಿತರು.

"ಹಂಗೆ ನಿಲ್ಸಿ ಮೊದ್ಲು ಬಾರ್ಸಿದ್ದು ನಾನು ಅಂತ ಬರೀರಿ ಮಾರಾಯ್ರೆ. ತೀರ್ಥಳ್ಳಿಯವ್ರು ತಮ್ದು ಅಂತ ಹೇಳ್ಕಂಡು ತಿರುಗ್ತಿದಾರೆ."

"ಎಲ್ಲಿ ಬಾರಿಸಿದ್ರಿ?"

"ಹೊಸನಗರದ ಮದ್ವೇಲಿ. ತಗಳಿ, ಕರೆಯೋಲೆ."

ಕರೆಯೋಲೆಯಲ್ಲಿ ಸಂವತ್ಸರ, ಮಾಸ, ತಿಥಿಗಳಷ್ಟೇ ಇದ್ದವು. ಹಳೆಯ ಪಂಚಾಂಗಗಳೊಡನೆ ಹೋಲಿಸಿ ಇಸವಿ ನಿರ್ಧರಿಸಿದೆ. ಎಂಜಿನಿಯರರ ಮನೆಗೆ ಹೋಗಿ ರೆಕಾರ್ಡಿನ ಹೊದಿಕೆಯ ಮೇಲಿದ್ದ ಇಸವಿ ನೋಡಿದೆ. ಮದುವೆಯೇ ಅದಕ್ಕಿಂತ ಒಂದು ವರ್ಷ ಮೊದಲಿನದು.

"ಆ ಮದುವೆ ಹೊತ್ತಿಗೆ ರೆಕಾರ್ಡೇ ಬಂದಿರಲಿಲ್ಲ," ಎಂದೆ.

"ಪಂಚಾಂಗ ತಪ್ಪಿರ್ಬೋದು."

"ಮೂರು ನೋಡಿದೆ."

"ಹಂಗಾರೆ ಕ್ಲಾರಿನೆಟ್ಟೂ ಪಂಚಾಂಗದ ಕೈಗೇ ಕೊಡಿ, ಊದ್ಲಿ," ಎಂದು ಎದ್ದು ಹೋದರು.

'ಈ ಪದ್ಧತಿಯನ್ನು ಮೊದಲು ತಂದವರು ಯಾರೆಂಬುದು ಖಚಿತವಿಲ್ಲ' ಎಂದು ಬರೆದೆ. ಗೋಡೆಯಾಚೆ ಅವರು ಅದನ್ನು ದಿನಗಟ್ಟಲೆ ತಿದ್ದಿ ತಿದ್ದಿ ನುಡಿಸುತ್ತಿದ್ದುದನ್ನು, ತೀರ್ಥಹಳ್ಳಿಯ ಬ್ಯಾಂಡಿನಲ್ಲಿ ಅದು ಕೇಳಿಬರುವ ಎಷ್ಟೋ ಮೊದಲೇ, ನಾನೇ ಕೇಳಿದ್ದೆ. ಆದರೆ ದಿನಾಂಕ ಬರೆದಿಟ್ಟಿರಲಿಲ್ಲ. ಬರೆದಿಡದ್ದು ನನಗೆ ಆಧಾರವಾಗಿರಲಿಲ್ಲ. ಅವರು ಒಂದು ಮದುವೆಯನ್ನು ಇನ್ನೊಂದೆಂದು ನೆನೆದಿರಬಹುದು ಎಂಬ ಸರಳ ಸಂಗತಿಯೂ ಆಗ ಹೊಳೆಯಲಿಲ್ಲ. ನಿವೃತ್ತನಾದ ಮೇಲೆ ಆ ಇಸವಿಯ ಲೆಕ್ಕವನ್ನು ಮತ್ತೆ ಮಾಡಿದ್ದೇನೆ. ಸರಿಯಾಗಿಯೇ ಇದೆ. ಅದರಿಂದ ಯಾವ ಸಮಾಧಾನವೂ ಇಲ್ಲ.

ಲೇಖನವನ್ನು ಅವರು ಮಗಳಿಂದ ಓದಿಸಿಕೊಂಡರಂತೆ. ಮುಂದಿನ ಮದುವೆ ಕಾಲದಲ್ಲಿ ಎಲ್ಲ ಬ್ಯಾಂಡುಗಳೂ ಆ ಜಾಗದಲ್ಲಿ ನಿಲ್ಲಿಸುತ್ತಿದ್ದವು. ಅವರೊಬ್ಬರು ಮಾತ್ರ ನಿಲ್ಲಿಸದೆ, ಕೊನೆಯವರೆಗೂ ಒಂದೇ ಉಸಿರಿನಲ್ಲೆಂಬಂತೆ ನುಡಿಸಿ ಮುಗಿಸುತ್ತಿದ್ದರು.