ಊಟದ ಪಂಕ್ತಿಯಲ್ಲಿ ತಡವಾಗಿ ಬಂದ ದನಿ

ಆ ಮುದುಕಿ ಮಳಖೇಡದಿಂದ ಶಹಾಬಾದಕ್ಕೆ ಬಸ್ಸು ಹಿಡಿದು ಬಂದದ್ದು ಒಂದು ಸೀಡಿಯನ್ನು ಹಿಂದಿರುಗಿಸಲು. ಅದನ್ನು ರೊಟ್ಟಿ ಕಟ್ಟುವ ಬಟ್ಟೆಯಲ್ಲಿ ಸುತ್ತಿಕೊಂಡಿದ್ದಳು. ಒಳಗೆ ಬಂದವಳು ಕೂಡಲಿಲ್ಲ. ಗಂಟನ್ನು ನಮ್ಮ ಟಿವಿಯ ಮೇಲಿಟ್ಟು, ಅದರಲ್ಲಿ ಚೇಳಿದೆಯೇನೋ ಎಂಬಂತೆ ಎರಡು ಹೆಜ್ಜೆ ಹಿಂದೆ ಸರಿದಳು.

ಹಿಂದಿನ ತಿಂಗಳು ನಾನೇ ಮಾಡಿಕೊಟ್ಟಿದ್ದ ಸೀಡಿ. ತೊಂಬತ್ತರ ದಶಕದಲ್ಲಿ ನಮ್ಮ ಯಜಮಾನರು ಸೇಡಂ, ಚಿತ್ತಾಪುರ, ವಾಡಿ ಅಂತ ಸುತ್ತಿ ಮದುವೆಗಳ ವಿಡಿಯೋ ತೆಗೆಯುತ್ತಿದ್ದರು. ಎರಡು ಸಾವಿರದ ಇಸವಿ ದಾಟಿದ ಮೇಲೆ ಜನರ ಮನೆಯ ವಿಸಿಆರ್‌ಗಳು ಒಂದೊಂದಾಗಿ ಕೆಟ್ಟವು. ಅವೇ ಕ್ಯಾಸೆಟ್ಟುಗಳು ಸೀಡಿಯಾಗಲು ನಮ್ಮ ಮನೆಗೆ ಮರಳಿ ಬರತೊಡಗಿದವು. ಆ ಕೆಲಸ ನನ್ನ ಪಾಲಿಗೆ ಬಂತು. ಬೆಳಗ್ಗೆ ರೊಟ್ಟಿ ಬಡಿದು, ಕಲ್ಲಿನ ನೆಲ ಒರೆಸಿ, ಅದೇ ಕಲ್ಲಿನ ಧೂಳು ವಿಸಿಆರ್ ಒಳಗೂ ಕೂತಿರುತ್ತದಲ್ಲ, ಅದನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ತೆಗೆದು, ಕಂಪ್ಯೂಟರಿಗೆ ವಾಯರು ಜೋಡಿಸಿ ಕೂಡುತ್ತಿದ್ದೆ.

"ಯಾಕ ಆಯಿ, ಓಡಂಗಿಲ್ಲೇನು?" ಎಂದೆ.

"ಓಡ್ತದ ತಂಗಿ. ಓಡಬಾರ್ದಿತ್ತು." ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಮಾತಾಡುತ್ತಿದ್ದಳು. "ನನ್ನ ಮಗ ಹೋಗಿ ಎರಡ್ ವರ್ಷ ಆಯ್ತು. ಇದರಾಗ ಅಂವ ನನ್ನ ಬಾಯಾಗಿಂದ ಮಾತಾಡ್ಲಿಕತ್ತಾನ."

ಹಾಕಿ ನೋಡಿದೆ. ಅವಳ ಮಗಳ ಮದುವೆ. ಮಾಲೆ, ಅಕ್ಕಿಕಾಳು, ಎಲ್ಲದರ ಮೇಲೂ ಸಿನಿಮಾ ಹಾಡು. ಊಟದ ಪಂಕ್ತಿ ಬಂದಾಗ ಹಾಡು ನಿಂತು ಜನರ ಗದ್ದಲ ಕೇಳಿಸಿತು. ಸೊಂಟಕ್ಕೆ ಟವೆಲ್ ಬಿಗಿದ ಮಗ ಸಾರಿನ ಬಕೀಟು ಹಿಡಿದು ತಾಯಿಯ ಹಿಂದೆ ಬಂದು ಬಾಗಿದ. ತುಟಿ ಅಲುಗಿದವು, ಮಾತಿಲ್ಲ. ಬಾಯಿ ಮುಚ್ಚಿ ನೆಟ್ಟಗಾದ. ಆಗ ತಾಯಿ ಬಾಯಿ ತೆರೆದಳು. ಅಲ್ಲಿಂದ ಗಂಡಸಿನ ದನಿ ಬಂತು: "ಯವ್ವಾ, ನೀ ಉಂಡೇನು?"

ಹಾಡಹಗಲು, ಬೇಸಿಗೆ. ಆದರೂ ಥಟ್ಟನೆ ಸೀಡಿ ನಿಲ್ಲಿಸಿದೆ.

"ನೋಡ್ದಿ? ಓಣ್ಯಾಗಿನವ್ರು ಎಲ್ಲಾ ನೋಡ್ಯಾರ. ಮಗ ಮೈಯಾಗ ಬಂದಾನ, ದೇವರ ಕೇಳ್ಸು ಅಂತಾರ. ನನಗ ಬಾಯಿ ತೆರೀಲಿಕ್ಕೇ ಅಂಜಿಕಿ. ಅಂವಗ ಇನ್ನಾ ನೆಮ್ಮದಿ ಸಿಕ್ಕಿಲ್ಲೇನು ತಂಗಿ?"

"ಅಂವಂದೇನೂ ಇಲ್ಲ ಆಯಿ. ಇದು ನನ್ನ ತಪ್ಪು. ಎಂಟು ದಿನ ಬಿಟ್ಟು ಬರ್ರಿ, ಅಂವನ ಮಾತು ಅಂವನ ಬಾಯಾಗೇ ಇಟ್ಟು ಕೊಡ್ತೀನಿ" ಎಂದೆ.

ತಪ್ಪು ಹೇಗಾಯಿತೆಂದರೆ, ಆಗ ಮದುವೆಯ ಸ್ವಂತ ಸದ್ದನ್ನು ಯಾರೂ ಇಟ್ಟುಕೊಳ್ಳುತ್ತಿರಲಿಲ್ಲ. ಮೊದಲಿನಿಂದ ಕೊನೆಯವರೆಗೆ ಹಾಡು ತುಂಬಿಸಬೇಕು, ಇಲ್ಲದಿದ್ದರೆ ಬೀಗರಿಗೆ ಸಮಾಧಾನವಿಲ್ಲ. ಹಾಡಿನ ಕೆಳಗೆ ತುಟಿಗೂ ಮಾತಿಗೂ ತಾಳ ತಪ್ಪಿದರೆ ಕಾಣುವುದಾದರೂ ಹೇಗೆ? ಹಾಗಾಗಿ ಮೊದಲ ಐದು ನಿಮಿಷ ನೋಡಿ ಸೀಡಿ ಕೊಟ್ಟುಬಿಡುವುದು ನನಗೆ ರೂಢಿಯಾಗಿತ್ತು. ನಮ್ಮ ಕಂಪ್ಯೂಟರು ನಿಧಾನದ್ದು. ಕ್ಯಾಸೆಟ್ಟಿನ ಟೇಪು ಸುಕ್ಕಾದ ಕಡೆಯೆಲ್ಲ ಒಂದಿಷ್ಟು ಚಿತ್ರಗಳನ್ನು ನುಂಗಿಬಿಡುತ್ತಿತ್ತು, ಸದ್ದನ್ನು ಮಾತ್ರ ಬಿಡದೆ ಹಿಡಿಯುತ್ತಿತ್ತು. ಚಿತ್ರ ಮುಂದೆ ಮುಂದೆ ಓಡಿ, ಊಟದ ಹೊತ್ತಿಗೆ ಮಾತು ಎರಡು ಸೆಕೆಂಡು ಹಿಂದೆ ಬಿದ್ದಿತ್ತು.

"ಊಟದ ಮ್ಯಾಲೆ ಹಾಡು ಯಾಕ ಹಾಕಿರ್ಲಿಲ್ರಿ?" ಎಂದು ಯಜಮಾನರನ್ನು ಕೇಳಿದೆ.

"ಹಾಡು ಮುಗದಿತ್ತು, ಅವರು ಅವಸರ ಮಾಡಿದ್ರು. ನನ್ನ ಆಲಸ್ಯಾನೇ ಆಯಿಗೆ ಮಗನ ದನಿ ಉಳಿಸ್ತು ನೋಡು" ಎಂದು ನಕ್ಕರು.

"ಸಾಕು ಸುಮ್ನಿರ್ರಿ. ನಿಮ್ಮ ಹಾಡಿನ ಕೆಳಗ ಇನ್ನಾ ಎಷ್ಟ್ ಮಂದಿ ದನಿ ಹೂತು ಹೋಗ್ಯಾವೋ."



ಮೊದಲು ಇಡೀ ಸದ್ದನ್ನು ಎರಡು ಸೆಕೆಂಡು ಮುಂಚೆ ಎಳೆದೆ. ಪಂಕ್ತಿಯ ಆರಂಭ ಸರಿಹೋಯಿತು, ಕೊನೆ ಮತ್ತೆ ತಪ್ಪಿತು. ಅಲ್ಲಲ್ಲಿ ಕಳೆದದ್ದನ್ನು ಒಂದೇ ಸಲ ಎಳೆದು ತುಂಬಲು ಬರುವುದಿಲ್ಲ. ನಮ್ಮಲ್ಲೇ ಉಳಿದಿದ್ದ ಅವಳ ಕ್ಯಾಸೆಟ್ಟನ್ನು ಬಿಸಿಲು ತಾಗದ ಕಡೆ ಇಟ್ಟು, ಒಮ್ಮೆ ಕೊನೆತನಕ ಓಡಿಸಿ ತಿರುಗಿ ಸುತ್ತಿ, ಕಂಪ್ಯೂಟರಿನಲ್ಲಿ ಬೇರೆಲ್ಲವನ್ನೂ ಮುಚ್ಚಿ, ಊಟದ ಭಾಗವನ್ನಷ್ಟೇ ಮೂರು ಸಣ್ಣ ತುಂಡಾಗಿ ಮತ್ತೆ ತುಂಬಿಸಿಕೊಂಡೆ. ಪ್ರತಿ ತುಂಡಿನಲ್ಲಿ ಕಣ್ಣಿಗೂ ಕಿವಿಗೂ ಒಟ್ಟಿಗೆ ಸಿಗುವ ಒಂದು ಗುರುತು ಬೇಕು. ಸೌಟು ಬಕೀಟಿನ ಅಂಚಿಗೆ ಬಡಿಯುವುದನ್ನು ಹಿಡಿದೆ. ಸೌಟು ತಾಗಿದ ಚಿತ್ರಕ್ಕೆ 'ಠಣ್' ಅನ್ನುವುದನ್ನು ತಂದು ಕೂಡಿಸಿದರೆ ಉಳಿದ ಮಾತುಗಳು ತಾವಾಗಿ ಬಾಯಿಗೆ ಬರುತ್ತವೆ. ಮಗ್ಗುಲಲ್ಲಿ ಕಲ್ಲು ಪಾಲಿಶ್ ಮಾಡುವ ಮಷೀನು ದಿನವಿಡೀ ಅರಚುತ್ತದೆ. ಮಧ್ಯಾಹ್ನ ಆಳುಗಳು ಊಟಕ್ಕೆ ಎದ್ದ ಒಂದು ತಾಸು ಮಾತ್ರ ನನಗೆ ಕಿವಿ.

ಮೂರನೆಯ ಮಧ್ಯಾಹ್ನ ತಾಳ ಕೂಡಿತು. ಕೂಡಿದ್ದೇ, ಆ ತಡ ಮುಚ್ಚಿಟ್ಟಿದ್ದು ಕಾಣಿಸಿತು.

ಮಗ ಬಾಗಿ ತನ್ನ ಬಾಯಿಂದಲೇ ಕೇಳಿದ, "ಯವ್ವಾ, ನೀ ಉಂಡೇನು?" ತಾಯಿ ತಿರುಗಲಿಲ್ಲ. ಎರಡು ಸೆಕೆಂಡು. ಆಮೇಲೆ ಬಾಯಿ ತೆರೆದು, ಪಂಕ್ತಿಯ ಆ ತುದಿಗೆ ಕೂಗಿದಳು: "ಬೀಗರಿಗೆ ತುಪ್ಪ ಹಾಕ್ರೋ!" ಮಗ ನಿಂತಿದ್ದ. ಬಳಿಕ ಬಕೀಟು ಎತ್ತಿಕೊಂಡು ಮುಂದೆ ಹೋದ. ಕೆಟ್ಟ ಸೀಡಿಯಲ್ಲಿ ಈ ಕೂಗು, ಕ್ಯಾಮರಾ ಬೇರೆಡೆ ಹೊರಳಿದ ಮೇಲೆ ಕೇಳಿಸಿ, ಯಾರದೋ ಆಗಿಬಿಟ್ಟಿತ್ತು.

"ಅಷ್ಟರ ಮ್ಯಾಲೊಂದು ಹಾಡು ಹಾಕಿಬಿಡು" ಎಂದರು ಯಜಮಾನರು, ಮೆತ್ತಗೆ. ಮೌಸಿನ ಮೇಲೆ ಕೈಯಿಟ್ಟು ಬಹಳ ಹೊತ್ತು ಕೂತೆ. ಮಷೀನು ಮತ್ತೆ ಶುರುವಾಯಿತು. ನಾನು ಅವಳಿಗೆ ಕೊಡುತ್ತೇನೆಂದದ್ದು ಮಗನ ಮಾತನ್ನು, ಹಾಡು ಹಾಕಿದರೆ ಅದೂ ಹೂತುಹೋಗುತ್ತದೆ. ಹಾಡು ಹಾಕಲಿಲ್ಲ.

ಹೇಳಿದ ದಿನ ಬಂದಳು. ಸೆರಗು ಇನ್ನೂ ಬಾಯಿಯ ಮೇಲಿತ್ತು. ಹಾಕಿದೆ.

"ಅಂವಂದೇ ಬಾಯಿ" ಎಂದಳು. "ಮತ್ತೊಮ್ಮೆ ಹಾಕು ತಂಗಿ."

ಎರಡನೆಯ ಸಲ ಅವಳು ಮಗನನ್ನು ನೋಡಲಿಲ್ಲ, ತನ್ನನ್ನು ನೋಡಿಕೊಂಡಳು. ಸೆರಗು ಜಾರಿತು. "ನಾ ತಿರುಗೇ ಇಲ್ಲಲ್ಲ."

"ಮದುವಿ ಗದ್ಲ ಆಯಿ."

"ಹೂಂ. ಭಾಳ ಗದ್ಲ." ಟಿವಿಯ ಹತ್ತಿರ ಸರಿದು ನೆಲದ ಮೇಲೆ ಕೂತಳು. "ಇನ್ನೊಮ್ಮೆ."

ಮೂರನೆಯ ಸಲ ಮಗ ಬಾಗಿ ಕೇಳಿದ. ಪರದೆಯ ಮೇಲಿನ ತಾಯಿ ಬಾಯಿ ತೆರೆಯುವ ಮುಂಚೆ, ನಮ್ಮ ನೆಲದ ಮೇಲೆ ಕೂತಿದ್ದವಳು ಗಟ್ಟಿಯಾಗಿ, ತನ್ನದೇ ದನಿಯಲ್ಲಿ ಹೇಳಿದಳು: "ಉಂಡೀನಪಾ. ನೀ ಉಣ್ಣು ಹೋಗು."

ಮಗ ಕೇಳಿಸಿಕೊಂಡವನಂತೆ ತುಸು ನಿಂತು, ಬಕೀಟು ಎತ್ತಿಕೊಂಡು ಹೋದ.

ಹೊಸ ಸೀಡಿಯನ್ನು ಅದೇ ಬಟ್ಟೆಯಲ್ಲಿ ಸುತ್ತಿಕೊಂಡಳು. ಹಳೆಯದನ್ನು ಮುಟ್ಟಲಿಲ್ಲ, "ನಿನ್ನ ಹತ್ರಾನೇ ಇರ್ಲಿ" ಎಂದಳು. ಅದು ಇನ್ನೂ ನಮ್ಮ ಮನೆಯಲ್ಲಿದೆ. ಒಮ್ಮೆಯೂ ಹಾಕಿಲ್ಲ, ಮುರಿಯಲೂ ಕೈ ಬಂದಿಲ್ಲ.